ಶೋರೂಮಿಗಿಂತ ಮೊದಲು ಎಲೆಕ್ಟ್ರಿಷಿಯನ್: ಕರಾವಳಿಯಲ್ಲಿ ಇವಿ, ಹೈಬ್ರಿಡ್ ಕಾರು ಕೊಳ್ಳುವವರಿಗೆ

ಎಲೆಕ್ಟ್ರಿಕ್ ಕಾರು (ಇವಿ) ಮನೆಗೆ ಬಂದು ಎಂಟು ತಿಂಗಳಾಗಿತ್ತು. ಏಪ್ರಿಲ್ ಕೊನೆಯ ವಾರ, ಸೆಕೆ ಅಂದ್ರೆ ಸೆಕೆ. ರಾತ್ರಿ ಊಟ ಮುಗಿಸಿ ಎಂದಿನ ಹಾಗೆ ಚಾರ್ಜರ್ ಚುಚ್ಚಿದೆ. ಹಸಿರು ದೀಪ ಬರಬೇಕಾದಲ್ಲಿ ಕೆಂಪು ದೀಪ ಬಂತು. ತೆಗೆದು ಮತ್ತೆ ಹಾಕಿದೆ. ಮತ್ತೆ ಕೆಂಪು. ಕಾರಿನಲ್ಲಿ ಉಳಿದದ್ದು 14 ಪರ್ಸೆಂಟ್. ಬೆಳಿಗ್ಗೆ ಕಟಪಾಡಿಯಿಂದ ಬೈಕಂಪಾಡಿಗೆ ಹೋಗಬೇಕು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ "ಚಾರ್ಜರ್ ಹೋಗಿರಬಹುದು ಸರ್, ತಂದು ಕೊಡಿ" ಅಂದರು.

ಬೆಳಿಗ್ಗೆ ನಮ್ಮ ಖಾಯಂ ಎಲೆಕ್ಟ್ರಿಷಿಯನ್ ಬಂದರು. ಮೀಟರಿನ ಎರಡು ಕಡ್ಡಿಗಳನ್ನು ಸಾಕೆಟಿಗೆ ತೂರಿಸಿ ನೋಡಿದರು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ 19 ವೋಲ್ಟ್ ತೋರಿಸುತ್ತಿತ್ತು. "ಚಾರ್ಜರಿಗೆ ಎಂತ ಆಗ್ಲಿಲ್ಲ ಮಾರಾಯ್ರೆ. ನಿಮ್ಮ ಅರ್ಥಿಂಗ್ ಒಣಗಿದೆ. ಎರಡು ಕೊಡಪಾನ ನೀರು ತನ್ನಿ" ಅಂದರು. ಮನೆ ಹಿಂದಿನ ಅರ್ಥ್ ಗುಂಡಿಗೆ ನೀರು ಹೊಯ್ದೆ. ಹತ್ತು ನಿಮಿಷ ಬಿಟ್ಟು ಚುಚ್ಚಿದರೆ ಹಸಿರು ದೀಪ!

ಈಗ ಮೂರು ವರ್ಷ ದಾಟಿದೆ. ಕಾರು 68 ಸಾವಿರ ಕಿ.ಮೀ. ಓಡಿದೆ. ಜನ ನನ್ನ ಹತ್ತಿರ ಮೊದಲು ಕೇಳುವುದು "ಎಷ್ಟು ಕಿಲೋಮೀಟರ್ ಬರ್ತದೆ?" ಆಮೇಲೆ "ಬ್ಯಾಟರಿ ಹೋದ್ರೆ ಎಷ್ಟು ಲಕ್ಷ?" ಅರ್ಥಿಂಗ್ ಬಗ್ಗೆ ಇಲ್ಲಿವರೆಗೆ ಒಬ್ಬರೂ ಕೇಳಿಲ್ಲ. ಆದರೆ ನಮ್ಮ ಊರಲ್ಲಿ ಇವಿ ಸುಖ ಕೊಡುತ್ತದಾ, ತಲೆನೋವು ಕೊಡುತ್ತದಾ ಅನ್ನುವುದು ಕಾರು ನಿಲ್ಲಿಸುವ ಶೆಡ್ಡಿನ ಗೋಡೆಯಲ್ಲಿ ತೀರ್ಮಾನವಾಗುತ್ತದೆ. ಅದಕ್ಕೇ ಈ ಮಾರ್ಗದರ್ಶಿ ಗೋಡೆಯಿಂದ ಶುರುವಾಗಿ ಕಾರಿಗೆ ಬರುತ್ತದೆ.

1. ಒಂದು ವಾರ ಓಡಾಟ ಬರೆದಿಡಿ

ಈಗಿರುವ ವಾಹನದ ಮೀಟರ್ ನೋಡಿ ದಿನಾ ಎಷ್ಟು ಓಡಿದಿರಿ ಅಂತ ಬರೆಯಿರಿ. ಜೊತೆಗೆ ಘಟ್ಟ ಹತ್ತುವುದು ವರ್ಷಕ್ಕೆ ಎಷ್ಟು ಸಲ ಅಂತಲೂ. ಹೆಚ್ಚಿನವರಿಗೆ ಇಲ್ಲೇ ಆಶ್ಚರ್ಯ ಕಾದಿರುತ್ತದೆ. ಉಡುಪಿಯಿಂದ ಮಣಿಪಾಲ ಐದಾರು ಕಿ.ಮೀ., ಉಡುಪಿಯಿಂದ ಮಂಗಳೂರು 60ರ ಒಳಗೆ. ದಿನಾ ಹೋಗಿ ಬಂದರೂ ಇವತ್ತಿನ ಯಾವ ಮಧ್ಯಮ ಇವಿಗೂ ಇದು ಕಷ್ಟವಲ್ಲ.

ಮನೆಯಲ್ಲೇ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಸುಮಾರು ಒಂದು ರೂಪಾಯಿ ಚಿಲ್ಲರೆ ಬೀಳುತ್ತದೆ. ಯೂನಿಟಿಗೆ ಎಲ್ಲಾ ಸೇರಿ 7 ರೂಪಾಯಿ, ಒಂದು ಯೂನಿಟಿಗೆ ಆರೂವರೆ ಕಿ.ಮೀ. ಅಂತ ಹಿಡಿದ ಲೆಕ್ಕ ಇದು. ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ, ಲೀಟರಿಗೆ 20 ಕೊಡುವ ಹೈಬ್ರಿಡ್‌ಗೆ ಐದು ರೂಪಾಯಿ, 13 ಕೊಡುವ ಪೆಟ್ರೋಲ್ ಎಸ್‌ಯುವಿಗೆ ಎಂಟು ರೂಪಾಯಿ. ನನ್ನ ಹಾಗೆ ತಿಂಗಳಿಗೆ 2,000 ಕಿ.ಮೀ. ಓಡಿಸುವವರಿಗೆ ಇದು 2,200, 10,000 ಮತ್ತು 16,000 ರೂಪಾಯಿ. ಆದರೆ ತಿಂಗಳಿಗೆ ಬರೀ 400 ಕಿ.ಮೀ. ಓಡಿಸುವ ನಿವೃತ್ತ ಮೇಷ್ಟ್ರಿಗೆ ಪೆಟ್ರೋಲ್ ಕಾರಿಗೂ ಇವಿಗೂ ನಡುವೆ ಉಳಿಯುವುದು ಮೂರು ಸಾವಿರದ ಒಳಗೆ. ಅವರು ಮೂರು ನಾಲ್ಕು ಲಕ್ಷ ಜಾಸ್ತಿ ಕೊಟ್ಟು ಇವಿ ತಗೊಂಡರೆ ಆ ದುಡ್ಡು ವಾಪಸ್ ಬರಲು ಒಂಬತ್ತರಿಂದ ಹನ್ನೆರಡು ವರ್ಷ ಬೇಕು. ಇಷ್ಟಪಟ್ಟು ತಗೊಳ್ಳಲಿ, ಉಳಿತಾಯಕ್ಕೆ ಅಂತ ಬೇಡ.

2. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ನಾಲ್ಕು ವಿಷಯ ನೋಡಿಸಿ

ಇದಕ್ಕೆ ಅರ್ಧ ದಿನ ಕೊಡಿ. ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನೇ ಓದಿ.

ಮೊದಲನೆಯದು ಅರ್ಥಿಂಗ್. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಕಾಲಿಟ್ಟಲ್ಲೆಲ್ಲ ನೀರು, ಮಾರ್ಚ್ ಕಳೆಯುತ್ತಿದ್ದ ಹಾಗೆ ಬಂಡೆಯ ಹಾಗೆ ಒಣಗುತ್ತದೆ. ಒಣಗಿದ ಮುರ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಫ್ರಿಜ್ಜು, ಮಿಕ್ಸಿ ಇದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಇವಿ ಚಾರ್ಜರ್ ಮಾತ್ರ ಚಾರ್ಜ್ ಶುರು ಮಾಡುವ ಮೊದಲು ಅರ್ಥ್ ಇದೆಯಾ ಅಂತ ಪರೀಕ್ಷೆ ಮಾಡುತ್ತದೆ, ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಕೂತುಬಿಡುತ್ತದೆ. ಇದು ದೋಷವಲ್ಲ, ನಿಮ್ಮ ಜೀವ ಕಾಯುವ ವ್ಯವಸ್ಥೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಜಾಸ್ತಿ ಇದ್ದರೆ ಅರ್ಥಿಂಗ್ ಹೊಸದಾಗಿ ಮಾಡಿಸಿ. ಜುಲೈಯಲ್ಲಿ ಅಳೆದು ಸರಿ ಇದೆ ಅಂತ ಬಿಡಬೇಡಿ, ಆ ತಿಂಗಳಲ್ಲಿ ಯಾರ ಮನೆಯ ಅರ್ಥಿಂಗೂ ಸರಿಯೇ ಇರುತ್ತದೆ.

ನಮ್ಮ ಮನೆಯಲ್ಲಿ ಹೊಸ ರಾಡ್ ಹುಗಿದದ್ದು ಬಚ್ಚಲ ನೀರು ಹೋಗುವ ತೆಂಗಿನ ಬುಡದ ಹತ್ತಿರ. ವರ್ಷವಿಡೀ ನೆಲ ತಂಪಾಗಿರುವ ಜಾಗ ಅದೊಂದೇ. ಅಮ್ಮ ಮೊದಲು ಗೊಣಗಿದರು, "ಮರಕ್ಕೆ ಶಾಕ್ ಹೊಡೆದ್ರೆ?" ಅಂತ. ಮರ ಚೆನ್ನಾಗಿಯೇ ಇದೆ.

ಎರಡನೆಯದು ಸಾಕೆಟ್ ಮತ್ತು ವಯರು. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ 15 ಆಂಪಿಯರ್ ಸಾಕೆಟಿನಿಂದ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಗೀಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಎಳೆಯುತ್ತದೆ, ಆದರೆ ಹದಿನೈದು ನಿಮಿಷ ಮಾತ್ರ. ಇದು ಎಂಟು ಹತ್ತು ಗಂಟೆ ಬಿಡದೆ ಎಳೆಯುತ್ತದೆ. ಹಳೆಯ ಸಾಕೆಟ್ ಆದರೆ ಕರಗಿ ಪಿನ್ನಿಗೆ ಅಂಟಿಕೊಳ್ಳುತ್ತದೆ. ವಾಷಿಂಗ್ ಮೆಷಿನ್ನಿನ ಪಾಯಿಂಟಿನಿಂದ ಎಕ್ಸ್‌ಟೆನ್ಶನ್ ಎಳೆಯುವುದು ಅಂತೂ ಖಂಡಿತ ಬೇಡ. ಮೇನ್ ಬೋರ್ಡಿನಿಂದ ಕಾರ್ ಶೆಡ್ಡಿಗೆ ಬೇರೆಯೇ ಲೈನ್, 4 ಸ್ಕ್ವೇರ್ ಎಂ.ಎಂ. ತಾಮ್ರದ ವಯರು, ಅದಕ್ಕೊಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್), ಕರೆಂಟ್ ಸೋರಿದರೆ ಬೀಳುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಒಳ್ಳೆ ಕಂಪನಿಯ ಇಂಡಸ್ಟ್ರಿಯಲ್ ಸಾಕೆಟ್. ಮೊದಲ ರಾತ್ರಿ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಆಫ್ ಮಾಡಿ ಎಲೆಕ್ಟ್ರಿಷಿಯನ್‌ರನ್ನು ವಾಪಸ್ ಕರೆಸಿ.

ಮೂರನೆಯದು ಸಿಡಿಲು. ಮಳೆಗಾಲಕ್ಕೆ ಮುಂಚೆ ಏಪ್ರಿಲ್, ಮೇಯಲ್ಲಿ, ಮತ್ತೆ ಅಕ್ಟೋಬರ್ ಸಂಜೆಗಳಲ್ಲಿ ನಮ್ಮ ಕಡೆ ಸಿಡಿಲು ಹೇಗೆ ಅಂತ ಹೇಳಬೇಕಾಗಿಲ್ಲ. ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಹಾಕಿಸಿದರೂ ಗುಡುಗು ಶುರುವಾದರೆ ಪ್ಲಗ್ ತೆಗೆಯುವುದೇ ಒಳ್ಳೆಯದು.

ನಾಲ್ಕನೆಯದು ವೋಲ್ಟೇಜು. ಹಳ್ಳಿ ಕಡೆ ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪುಗಳು ಶುರುವಾದರೆ ವೋಲ್ಟೇಜ್ ಕುಸಿಯುತ್ತದೆ, ಚಾರ್ಜರ್ ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ರಾತ್ರಿ 11ರ ಮೇಲೆ ಶುರುವಾಗುವ ಹಾಗೆ ಟೈಮರ್ ಇಟ್ಟರೆ ಈ ಕಿರಿಕಿರಿ ಮುಗಿಯಿತು.

ಶೋರೂಮಿನವರು 7.2 ಕಿಲೋವ್ಯಾಟಿನ ವಾಲ್ ಬಾಕ್ಸ್ (ಗೋಡೆಗೆ ಕೂರಿಸುವ ಚಾರ್ಜರ್) ಹಾಕಿಸಿ ಅಂತ ಹೇಳುತ್ತಾರೆ. ನನ್ನ ಪ್ರಕಾರ ದಿನಕ್ಕೆ 100 ಕಿ.ಮೀ. ಒಳಗೆ ಓಡುವವರಿಗೆ ಅದು ಬೇಡ. 3 ಕಿಲೋವ್ಯಾಟಿನಲ್ಲಿ ಹತ್ತು ಗಂಟೆ ಹಾಕಿದರೆ ಸುಮಾರು 30 ಯೂನಿಟ್, ಅಂದರೆ ಇನ್ನೂರು ಕಿ.ಮೀ. ಹತ್ತಿರ. ಮಲಗಿ ಏಳುವಷ್ಟರಲ್ಲಿ ಇಷ್ಟು ಸಾಕಲ್ವಾ? 7.2ಕ್ಕೆ 32 ಆಂಪಿಯರ್ ಬೇಕು, 6 ಸ್ಕ್ವೇರ್ ಎಂ.ಎಂ. ವಯರು ಬೇಕು, ಹೆಚ್ಚಿನ ಮನೆಗಳಲ್ಲಿ ನಮ್ಮ ಕರೆಂಟ್ ಕಂಪನಿ ಮೆಸ್ಕಾಂನಿಂದ ಲೋಡ್ ಕೂಡ ಹೆಚ್ಚಿಸಿಕೊಳ್ಳಬೇಕು.

3. ಮೆಸ್ಕಾಂ ಮತ್ತು ಗೃಹಜ್ಯೋತಿ ಲೆಕ್ಕ

ನಿಮ್ಮ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಇರುತ್ತದೆ. ಹಳೇ ಮನೆಗಳಲ್ಲಿ 2 ಅಥವಾ 3 ಕಿಲೋವ್ಯಾಟ್ ಇರುವುದೇ ಜಾಸ್ತಿ. ಕಾರು, ಪಂಪು, ಗೀಸರ್ ಒಟ್ಟಿಗೆ ಓಡಿದರೆ ಅದು ಸಾಲದು. ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಟ್ಟರೆ ಲೋಡ್ ಹೆಚ್ಚಿಸುತ್ತಾರೆ. ತಿಂಗಳ ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತದೆ, ಅದನ್ನು ಮರೆಯಬೇಡಿ.

ಈಗ ಯಾರೂ ಹೇಳದ ವಿಷಯ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಯ ಬಿಲ್ ಸೊನ್ನೆ ಬರುತ್ತಿದೆ ಅಂತಿಟ್ಟುಕೊಳ್ಳಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮನೆಗೆ 120 ಯೂನಿಟ್, ಸಾವಿರ ಕಿ.ಮೀ. ಕಾರಿಗೆ 150 ಯೂನಿಟ್, ಒಟ್ಟು 270. ಕಾರಿನ 150 ಯೂನಿಟಿನ ಜೊತೆಗೆ ಇಷ್ಟು ದಿನ ಪುಕ್ಕಟೆ ಸಿಗುತ್ತಿದ್ದ 120ಕ್ಕೂ ದುಡ್ಡು ಹೋಯಿತು. ಕಿಲೋಮೀಟರಿಗೆ ಒಂದು ರೂಪಾಯಿ ಅಂದುಕೊಂಡದ್ದು ಎರಡು ರೂಪಾಯಿ ಹತ್ತಿರ ಬಂತು. ಪೆಟ್ರೋಲಿಗಿಂತ ಆಗಲೂ ಅಗ್ಗವೇ, ಆದರೆ ಮೊದಲೇ ಗೊತ್ತಿರಲಿ. ಇದಕ್ಕೆ ದಾರಿ, ಇವಿಗೆ ಬೇರೆಯೇ ಮೀಟರ್. ಇವಿ ಚಾರ್ಜಿಂಗಿಗೆ ಪ್ರತ್ಯೇಕ ದರಪಟ್ಟಿಯೇ ಇದೆ. ಮೀಟರಿನ ಖರ್ಚು, ಅದರ ಫಿಕ್ಸೆಡ್ ಚಾರ್ಜ್ ಎಲ್ಲ ಕೇಳಿ, ನಿಮ್ಮ ಓಡಾಟಕ್ಕೆ ಗಿಟ್ಟುತ್ತದಾ ನೋಡಿ.

ಹೆಂಚಿನ ಮೇಲೋ ತಾರಸಿ ಮೇಲೋ ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಕಾರಿನ ಯೂನಿಟ್ಟನ್ನೂ ಸೇರಿಸಿಯೇ ಲೆಕ್ಕ ಹಾಕಿಸಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ.

4. ಇವಿಯಾ, ಹೈಬ್ರಿಡ್ಡಾ?

ನನ್ನ ಭಾವ ಮಂಗಳೂರಿನ ಬಿಜೈಯಲ್ಲಿ ಫ್ಲಾಟಿನಲ್ಲಿದ್ದಾರೆ. ಅವರಿಗೂ ಇವಿ ಬೇಕಿತ್ತು. ಪಾರ್ಕಿಂಗ್ ಎರಡನೇ ಬೇಸ್‌ಮೆಂಟಿನಲ್ಲಿ, ಮೀಟರ್ ರೂಮಿನಿಂದ ಅರವತ್ತು ಮೀಟರ್ ದೂರ. ಅಸೋಸಿಯೇಶನ್‌ನವರು "ಮುಂದಿನ ಮೀಟಿಂಗಿನಲ್ಲಿ ನೋಡುವ" ಅಂತ ಮೂರು ಮೀಟಿಂಗ್ ಕಳೆದರು. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿ ಪ್ರಕಾರ ವಾಹನದ ಮಾಲೀಕರು ತಮ್ಮ ಈಗಿನ ಕನೆಕ್ಷನ್ನಿನಿಂದಲೇ ಚಾರ್ಜ್ ಮಾಡಿಕೊಳ್ಳಬಹುದು. ಆ ಕಾಗದ ತೋರಿಸಿ ವಾದ ಮಾಡಬಹುದಿತ್ತು. "ಗೆದ್ದರೂ ದಿನಾ ಲಿಫ್ಟಿನಲ್ಲಿ ಅವರ ಮುಖವೇ ನೋಡ್ಬೇಕಲ್ವಾ ಮಾರಾಯ" ಅಂತ ಭಾವ ಹೈಬ್ರಿಡ್ ತಗೊಂಡರು. ಸರಿಯಾದದ್ದನ್ನೇ ಮಾಡಿದರು.

ನನ್ನ ನಿಯಮ ಸರಳ. ರಾತ್ರಿ ನಿಲ್ಲಿಸುವ ಜಾಗದಲ್ಲಿ ನಿಮ್ಮದೇ ಪ್ಲಗ್ ಇದ್ದರೆ ಇವಿ, ಇಲ್ಲದಿದ್ದರೆ ಹೈಬ್ರಿಡ್. ಹೊರಗಿನ ಫಾಸ್ಟ್ ಚಾರ್ಜರನ್ನೇ ನಂಬಿ ಇವಿ ಕೊಳ್ಳಬೇಡಿ. ಅಲ್ಲಿ ಯೂನಿಟಿಗೆ ಜಿಎಸ್‌ಟಿ ಸೇರಿ 20 ರೂಪಾಯಿ ಆಚೀಚೆ ಬೀಳುತ್ತದೆ. ಹೈಬ್ರಿಡ್ಡಿಗೆ ಹೋಲಿಸಿದರೆ ಉಳಿತಾಯದ ಅರ್ಧ ಪಾಲು ಅಲ್ಲೇ ಕರಗುತ್ತದೆ, ಜೊತೆಗೆ ಭಾನುವಾರದ ಬೆಳಿಗ್ಗೆಗಳೂ.

ಹೈಬ್ರಿಡ್ ಅನ್ನುವ ಪದದಲ್ಲಿ ಒಂದು ಮೋಸ ಉಂಟು. ಬ್ರೆಜಾ, ಎರ್ಟಿಗಾದಲ್ಲಿ ಬರುವ 'ಸ್ಮಾರ್ಟ್ ಹೈಬ್ರಿಡ್' ಮೈಲ್ಡ್ ಹೈಬ್ರಿಡ್. ಅದು ಇಂಜಿನ್ನಿಗೆ ಸಣ್ಣ ಕೈ ಆಸರೆ ಕೊಡುತ್ತದೆ ಅಷ್ಟೇ, ಬರೀ ಬ್ಯಾಟರಿಯಲ್ಲಿ ಓಡುವುದಿಲ್ಲ. ಗ್ರ್ಯಾಂಡ್ ವಿಟಾರಾ, ಹೈರೈಡರ್, ಇನೋವಾ ಹೈಕ್ರಾಸ್, ಹೋಂಡಾ ಸಿಟಿ ಇ:ಎಚ್‌ಇವಿ ಇವುಗಳದ್ದು ಸ್ಟ್ರಾಂಗ್ ಹೈಬ್ರಿಡ್. ಗ್ರ್ಯಾಂಡ್ ವಿಟಾರಾ, ಹೈರೈಡರಿನಲ್ಲೂ ಕೆಳಗಿನ ಮಾಡೆಲ್ಲುಗಳು ಮೈಲ್ಡ್ ಹೈಬ್ರಿಡ್ಡೇ, ಹಾಗಾಗಿ ವೇರಿಯಂಟ್ ಹೆಸರು ಓದಿ ಬುಕ್ ಮಾಡಿ. ಸ್ಟ್ರಾಂಗ್ ಹೈಬ್ರಿಡ್ ಮಂಗಳೂರಿನ ಪಿವಿಎಸ್, ಹಂಪನಕಟ್ಟೆ ಟ್ರಾಫಿಕ್ಕಿನಲ್ಲಿ ಇಂಜಿನ್ ಆಫ್ ಮಾಡಿಕೊಂಡು ತೆವಳುತ್ತದೆ. ಪೆಟ್ರೋಲ್ ಉಳಿಯುವುದು ಅಲ್ಲೇ. ಗ್ರ್ಯಾಂಡ್ ವಿಟಾರಾ, ಹೈರೈಡರಿಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97, ಭಾವನಿಗೆ ಸಿಗುವುದು ಇಪ್ಪತ್ತೊಂದರ ಆಸುಪಾಸು. ಬ್ಯಾಟರಿ ಹಿಂದೆ ಕೂರುವುದರಿಂದ ಡಿಕ್ಕಿ ಚಿಕ್ಕದು. ಮದುವೆಗೆ ಹೋಗುವ ನಾಲ್ವರ ಸೂಟ್‌ಕೇಸ್ ತಂದು ಶೋರೂಮಿನಲ್ಲೇ ಇಟ್ಟು ನೋಡಿ, ನಾಚಿಕೆ ಬೇಡ.

5. ಕಾರು ಆರಿಸುವಾಗ

ರೇಂಜ್: ಕಂಪನಿ ಹೇಳಿದ್ದರ ಮೂರನೇ ಎರಡು ಭಾಗ ಅಂತ ಹಿಡಿಯಿರಿ. 45 ಯೂನಿಟ್ ಬ್ಯಾಟರಿಯ ನೆಕ್ಸಾನ್ ಇವಿಗೆ 489 ಕಿ.ಮೀ. ಅಂತ ಹೇಳುತ್ತಾರೆ, 320 ಅಂತ ಪ್ಲಾನ್ ಮಾಡಿದರೆ ನಿರಾಸೆ ಆಗದು. ಹೆದ್ದಾರಿಯಲ್ಲಿ 100ರ ಮೇಲೆ ಓಡಿಸಿದರೆ ಅದೂ ಇಲ್ಲ. ನಮ್ಮ ಸೆಕೆಗೆ ಎಸಿ ಬಿಟ್ಟು ಓಡಿಸುವುದು ಆಗದ ಮಾತು.

ಬ್ಯಾಟರಿಯ ಜಾತಿ: ವಿಂಡ್ಸರ್, ನೆಕ್ಸಾನ್ ಇವುಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಇದೆ. ಬಿಸಿ ತಡೆಯುತ್ತದೆ, ಬಾಳಿಕೆ ಜಾಸ್ತಿ. ಎಷ್ಟು ಉಳಿದಿದೆ ಅಂತ ಕಾರಿಗೆ ಸರಿಯಾಗಿ ಗೊತ್ತಾಗಲು ಆಗಾಗ, ವಾರಕ್ಕೊಮ್ಮೆಯಾದರೂ, 100 ಪರ್ಸೆಂಟ್ ತುಂಬಿಸಬೇಕು. ಎನ್‌ಎಂಸಿ (ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟಿನದ್ದು) ಬ್ಯಾಟರಿ ಇದ್ದರೆ ಉಲ್ಟಾ: ದಿನಾ 80ಕ್ಕೆ ನಿಲ್ಲಿಸಿ, ದೂರ ಹೋಗುವ ಮುಂಚಿನ ರಾತ್ರಿ ಮಾತ್ರ ಪೂರ್ತಿ ಹಾಕಿ.

ವಾರಂಟಿ: 8 ವರ್ಷ ಅಥವಾ 1,60,000 ಕಿ.ಮೀ. ಸಾಮಾನ್ಯ. ಕೆಲವರು 'ಲೈಫ್‌ಟೈಮ್' ಅನ್ನುತ್ತಾರೆ. ಅದು ಮೊದಲ ಮಾಲೀಕರಿಗೆ ಮಾತ್ರವಾ, ಎಷ್ಟು ಪರ್ಸೆಂಟಿಗಿಂತ ಕೆಳಗೆ ಇಳಿದರೆ ಬದಲಿಸಿಕೊಡುತ್ತಾರೆ ಅನ್ನುವುದನ್ನು ಸಣ್ಣ ಅಕ್ಷರದಲ್ಲಿ ಹುಡುಕಿ ಓದಿ.

ಸರ್ವಿಸ್: ಇದು ಎಲ್ಲಕ್ಕಿಂತ ಮುಖ್ಯ. ಸೇಲ್ಸ್ ಹುಡುಗನನ್ನು ಬಿಟ್ಟು ಹಿಂದೆ ವರ್ಕ್‌ಶಾಪಿಗೆ ಹೋಗಿ. "ಹೈ ವೋಲ್ಟೇಜ್ ಬ್ಯಾಟರಿ ಇಳಿಸುವ ಕೆಲಸ ಇಲ್ಲೇ ಆಗ್ತದಾ, ಬೆಂಗಳೂರಿಗೆ ಕಳಿಸಬೇಕಾ?" ಅಂತ ಕೇಳಿ. ಅಲ್ಲಿ ನಿಂತ ಇವಿ ಮಾಲೀಕರ ಹತ್ತಿರ ಕಾರು ಬಿಟ್ಟು ಎಷ್ಟು ದಿನ ಆಯಿತು ಅಂತ ಕೇಳಿ. ಹತ್ತು ವಿಡಿಯೋ ನೋಡುವುದಕ್ಕಿಂತ ಇದು ಮೇಲು.

6. ದುಡ್ಡಿನ ವಿಷಯ

ಇವಿಗೆ ಜಿಎಸ್‌ಟಿ 5 ಪರ್ಸೆಂಟ್. ಸ್ಟ್ರಾಂಗ್ ಹೈಬ್ರಿಡ್ ಎಸ್‌ಯುವಿಗಳಿಗೆ 2025ರ ಸೆಪ್ಟೆಂಬರ್ 22ರಿಂದ 40. ಮೇಲೆ ಕರ್ನಾಟಕದ ಆಜೀವ ತೆರಿಗೆ. 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ 17 ಪರ್ಸೆಂಟ್, ಅದರ ಮೇಲೆ ಸೆಸ್ ಬೇರೆ ಅಂತ ಕಟ್ಟಿಕೊಂಡು ಬಂದವರು ನಾವು. ಹೈಬ್ರಿಡ್ಡಿಗೂ ಅದೇ ಲೆಕ್ಕ. ಇವಿಗೆ ವಿನಾಯಿತಿ ಇತ್ತು, 2024ರಲ್ಲಿ 25 ಲಕ್ಷ ದಾಟಿದ ಇವಿಗೆ 10 ಪರ್ಸೆಂಟ್ ಬಂತು. ಇಂಥವು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ. ಬುಕ್ಕಿಂಗ್ ದಿನದ ಬದಲು ನೋಂದಣಿ ದಿನದ ಆನ್ ರೋಡ್ ಬೆಲೆ ಬರೆಸಿಕೊಳ್ಳಿ.

"ಇವಿ ಸಾಲದ ಬಡ್ಡಿಗೆ ಒಂದೂವರೆ ಲಕ್ಷ ಇನ್‌ಕಂ ಟ್ಯಾಕ್ಸ್ ರಿಯಾಯಿತಿ ಇದೆ ಸರ್" ಅಂತ ಈಗಲೂ ಹೇಳುವವರಿದ್ದಾರೆ. ಆ 80ಇಇಬಿ ಸಿಗುವುದು 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಕ್ಕೆ ಮಾತ್ರ.

ಇನ್ಶೂರೆನ್ಸಿನಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಇವಿಗೆ 15 ಪರ್ಸೆಂಟ್, ಹೈಬ್ರಿಡ್ಡಿಗೆ ಏಳೂವರೆ ಪರ್ಸೆಂಟ್ ಕಡಿಮೆ. ಖುಷಿಪಡಿ, ಆದರೆ ಆ ಉಳಿದ ದುಡ್ಡನ್ನು ಬ್ಯಾಟರಿ ಪ್ರೊಟೆಕ್ಟ್ ಕವರಿಗೆ ಹಾಕಿ. ನೀರು ನುಗ್ಗಿದ ಬ್ಯಾಟರಿಗೆ ವಾರಂಟಿ ಸಿಗುವುದಿಲ್ಲ, ಇನ್ಶೂರೆನ್ಸೇ ಗತಿ. ಚಾರ್ಜರಿಗೂ ಕವರ್ ಇದೆಯಾ ಕೇಳಿ.

7. ಟೆಸ್ಟ್ ಡ್ರೈವ್, ಡೆಲಿವರಿ

ಶೋರೂಮಿನ ಮುಂದಿನ ಸರ್ವಿಸ್ ರೋಡಿನಲ್ಲಿ ಒಂದು ಸುತ್ತು ಹಾಕಿ ಬಂದರೆ ಏನೂ ಗೊತ್ತಾಗುವುದಿಲ್ಲ. ಉಡುಪಿಯವರಾದರೆ ಮಣಿಪಾಲದ ಏರು ಹತ್ತಿಸಿ, ಮಂಗಳೂರಿನವರಾದರೆ ಕದ್ರಿ ಕಡೆಯ ಏರು. ಹತ್ತುವಾಗ ನಿಲ್ಲಿಸಿ ಮತ್ತೆ ಹೊರಡಿಸಿ. ಆಮೇಲೆ ಕಾರನ್ನು ನಿಮ್ಮ ಮನೆಗೇ ತನ್ನಿ. ಪಂಚಾಯತ್ ರಸ್ತೆಯ ಹಂಪುಗಳಿಗೆ ಹೊಟ್ಟೆ ಉಜ್ಜುತ್ತದಾ ನೋಡಿ, ಏಕೆಂದರೆ ಬ್ಯಾಟರಿ ಇರುವುದು ಆ ಹೊಟ್ಟೆಯಲ್ಲೇ. ಶೆಡ್ಡಿನಲ್ಲಿ ನಿಲ್ಲಿಸಿದಾಗ ಚಾರ್ಜಿಂಗ್ ಬಾಗಿಲು ಸಾಕೆಟಿನ ಬದಿಗೆ ಬರುತ್ತದಾ ಅಂತಲೂ ನೋಡಿ. ನಾನು ನೋಡಿರಲಿಲ್ಲ. ಮೂರು ವರ್ಷದಿಂದ ದಿನಾ ರಿವರ್ಸಿನಲ್ಲೇ ಒಳಗೆ ಹಾಕುತ್ತಿದ್ದೇನೆ.

ಡೆಲಿವರಿ ದಿನ ತೆಂಗಿನಕಾಯಿ ಒಡೆಯುವ ಮೊದಲು ಚಾರ್ಜರನ್ನು ಅಲ್ಲೇ ಚುಚ್ಚಿಸಿ ಕೆಲಸ ಮಾಡುತ್ತದಾ ನೋಡಿ. ಸ್ಟೆಪ್ನಿ ಇದೆಯಾ ಕೇಳಿ. ಹಲವು ಇವಿಗಳಲ್ಲಿ ಅದರ ಬದಲು ಪಂಕ್ಚರ್ ಕಿಟ್ ಮಾತ್ರ ಕೊಡುತ್ತಾರೆ, ಶಿರಾಡಿಯಲ್ಲಿ ಟಯರ್ ಹರಿದರೆ ಅದು ಸಾಲದು. ಪೂಜೆ ಮಾಡುವವರಿಗೆ ಚಾರ್ಜಿಂಗ್ ಪಾಯಿಂಟಿಗೆ ಅರಿಶಿನ ಕುಂಕುಮ ಹಚ್ಚಬೇಡಿ ಅಂತ ಮೊದಲೇ ಹೇಳಿ. ನಗಬೇಡಿ, ನಮ್ಮ ಕಾರಿಗೆ ಹಚ್ಚಿದ್ದರು.

8. ಮಳೆಗಾಲ

ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. "ಮಳೆಯಲ್ಲಿ ಚಾರ್ಜ್ ಮಾಡಿದ್ರೆ ಶಾಕ್ ಹೊಡೆಯುದಿಲ್ವಾ?" ಅನ್ನುವುದು ಸಹಜ ಪ್ರಶ್ನೆ. ಗನ್ (ಕಾರಿಗೆ ಚುಚ್ಚುವ ಪ್ಲಗ್) ಸರಿಯಾಗಿ ಕೂತು, ಕಾರು ಚಾರ್ಜರು ಮಾತಾಡಿಕೊಂಡ ಮೇಲೆಯೇ ಕರೆಂಟ್ ಹರಿಯುವುದು. ಕಾರಿನ ಬದಿ ಒದ್ದೆಯಾದರೆ ತೊಂದರೆ ಇಲ್ಲ. ಗೋಡೆಯ ಸಾಕೆಟಿಗೂ ಪೋರ್ಟಬಲ್ ಚಾರ್ಜರಿನ ಡಬ್ಬಿಗೂ ಇರಿಚಲು ಬೀಳಬಾರದು. ಡಬ್ಬಿಯನ್ನು ನೆಲಕ್ಕೆ ಬಿಡದೆ ಮೊಳೆಗೆ ನೇತುಹಾಕಿ.

ಬ್ಯಾಟರಿಗೆ ಐಪಿ67 ಅಂತ ಬರೆದಿರುತ್ತದೆ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗದು ಅಂತ ಅರ್ಥ. ಅದು ಹೊಸ ಬ್ಯಾಟರಿಯನ್ನು ಸಿಹಿ ನೀರಿನಲ್ಲಿ ಮಾಡಿದ ಪರೀಕ್ಷೆ. ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲ್ ಅಂಡರ್‌ಪಾಸ್, ಉಡುಪಿಯ ಕಲ್ಸಂಕ, ಬನ್ನಂಜೆಯಲ್ಲಿ ನಿಲ್ಲುವುದು ಕೆಸರು ನೀರು. ಮುಂದಿನ ಬೈಕಿನ ಚಕ್ರ ಅರ್ಧ ಮುಳುಗಿದರೆ ನೀವು ಯು ಟರ್ನ್ ಹೊಡೆಯಿರಿ. ನಿಂತ ಕಾರು ಮುಳುಗಿದರೆ ಆನ್ ಮಾಡಲು ಹೋಗಬೇಡಿ, ಚಾರ್ಜಿಗಂತೂ ಹಾಕಲೇಬೇಡಿ. ಫೋಟೋ ತೆಗೆದು, ಟೋಯಿಂಗ್ ಕರೆಸಿ.

ಪತ್ತನಾಜೆಗೆ (ಮೇ ಕೊನೆಗೆ) ಮೊದಲು ಟಯರ್ ನೋಡಿ. ಇವಿ ಭಾರ ಜಾಸ್ತಿ, ಎಳೆತ ಜಾಸ್ತಿ, ಟಯರ್ ಬೇಗ ಸವೆಯುತ್ತದೆ. ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಮರ ಬಿದ್ದು ಎರಡು ದಿನ ಕರೆಂಟ್ ಹೋಗುವುದು ಹೊಸತೇನಲ್ಲ. ಆ ತಿಂಗಳು ಪೂರ್ತಿ ಬ್ಯಾಟರಿಯನ್ನು 50ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಮಲ್ಪೆ, ಪಣಂಬೂರು ಬೀಚಿನ ಮರಳಿಗೆ ಇಳಿಸಿದರೆ ಅದೇ ದಿನ ಅಡಿಭಾಗ ಸಿಹಿ ನೀರಿನಲ್ಲಿ ತೊಳೆಸಿ.

9. ಘಟ್ಟ ಹತ್ತುವ ಲೆಕ್ಕ

ಸಕಲೇಶಪುರ ಸುಮಾರು 950 ಮೀಟರ್ ಎತ್ತರದಲ್ಲಿದೆ. ನಾಲ್ಕು ಜನ ಕೂತ ಕಾರು ಸುಮಾರು 1,900 ಕೆ.ಜಿ. ಇಷ್ಟು ಭಾರ ಅಷ್ಟು ಮೇಲೆ ಹೋಗಲು, ದೂರಕ್ಕೆ ಬೇಕಾದದ್ದರ ಮೇಲೆ ಇನ್ನೊಂದು ಐದೂವರೆ ಯೂನಿಟ್ ಬೇಕು. ಅಂದರೆ ಸಮತಟ್ಟಿನ 35-40 ಕಿ.ಮೀ. ಹೋದ ಹಾಗೆ. ಇಳಿಯುವಾಗ ಅದರ ಅರ್ಧದಷ್ಟು ವಾಪಸ್ ಸಿಗುತ್ತದೆ.

ಮಂಗಳೂರಿನಿಂದ ಹಾಸನ 170 ಕಿ.ಮೀ. ದೂರಕ್ಕೆ 25, ಏರಿಗೆ ಐದೂವರೆ, ಒಟ್ಟು 30 ಯೂನಿಟ್. 45ರ ಬ್ಯಾಟರಿ ತುಂಬಿಸಿ ಹೊರಟರೆ ಹಾಸನದಲ್ಲಿ 30 ಪರ್ಸೆಂಟ್ ಉಳಿಯುತ್ತದೆ. ಅಲ್ಲಿ ತಿಂಡಿ ಕಾಫಿ ಮುಗಿಸುವಷ್ಟರಲ್ಲಿ 80ಕ್ಕೆ ತಂದರೆ ಬೆಂಗಳೂರು ಬಂತು. 30ರ ಬ್ಯಾಟರಿಯವರು ಇದೇ ಸಾಹಸ ಮಾಡಲು ಹೋಗಬೇಡಿ, ಘಟ್ಟಕ್ಕೆ ಮೊದಲೇ ಒಮ್ಮೆ ಹಾಕಿಕೊಳ್ಳಿ.

ಹೊರಡುವ ಮುಂಚಿನ ದಿನ ಪ್ಲಗ್‌ಶೇರ್ ಆ್ಯಪಿನಲ್ಲಿ ದಾರಿಯ ಚಾರ್ಜರುಗಳನ್ನು ನೋಡಿ. ನಕ್ಷೆಯಲ್ಲಿ ಇದ್ದರೆ ಸಾಲದು, ಕಳೆದ ಎರಡು ಮೂರು ದಿನದಲ್ಲಿ ಯಾರಾದರೂ ಚಾರ್ಜ್ ಮಾಡಿ ಬರೆದಿದ್ದಾರಾ ನೋಡಿ. ಪ್ರತಿ ಸ್ಟಾಪಿಗೆ ಇನ್ನೊಂದು ಬದಲಿ ಇರಲಿ. ಆ್ಯಪುಗಳ ವ್ಯಾಲೆಟಿಗೆ ಮನೆಯಲ್ಲೇ ದುಡ್ಡು ಹಾಕಿ, ಏಕೆಂದರೆ ಘಟ್ಟದಲ್ಲಿ ನೆಟ್‌ವರ್ಕ್ ಇಲ್ಲದ ಜಾಗ ಬೇಕಾದಷ್ಟಿವೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಗೋ ಸಂಪಾಜೆ ಘಾಟಿಗೋ ತಿರುಗಿಸಿದರೆ ದೂರ ಹೆಚ್ಚುತ್ತದೆ. 2024ರ ಜುಲೈಯಲ್ಲಿ ದೊಡ್ಡತಪ್ಲುವಿನಲ್ಲಿ ಕುಸಿದಾಗ ಆದದ್ದು ಇದೇ. ಜೂನ್‌ನಿಂದ ಸೆಪ್ಟೆಂಬರ್ ತನಕ 25 ಪರ್ಸೆಂಟ್ ಕೈಯಲ್ಲಿ ಇಟ್ಟುಕೊಂಡೇ ಲೆಕ್ಕ ಹಾಕಿ.

ಘಟ್ಟದ ಮೇಲೆ ಉಳಿದು ಬೆಳಿಗ್ಗೆ ಇಳಿಯುವವರು ಬ್ಯಾಟರಿ 100 ತುಂಬಿಸಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ಕರೆಂಟ್ ಹಿಡಿಯಲು ಜಾಗ ಇರುವುದಿಲ್ಲ, ಪೂರ್ತಿ ಕೆಲಸ ಬ್ರೇಕಿನ ಮೇಲೆ ಬೀಳುತ್ತದೆ. ಹೈಬ್ರಿಡ್‌ನವರಿಗೆ ಇದು ಅರ್ಧ ದಾರಿಯಲ್ಲೇ ಆಗುತ್ತದೆ, ಅವರ ಬ್ಯಾಟರಿ ಒಂದು ಯೂನಿಟಿನ ಆಸುಪಾಸು ಅಷ್ಟೇ. ಗೇರನ್ನು 'ಬಿ'ಗೆ (ಇಂಜಿನ್ನೇ ಕಾರನ್ನು ತಡೆಯುವ ಗೇರ್) ಹಾಕಿ ಇಳಿಯಿರಿ. ಇಂಜಿನ್ ಕೂಗುತ್ತದೆ, ಕೂಗಲಿ.

10. ನಿಜವಾಗಿ ಕೈಕೊಡುವುದು ಏನು?

ಎಲ್ಲರೂ ದೊಡ್ಡ ಬ್ಯಾಟರಿಗೆ ಹೆದರುತ್ತಾರೆ. ದಾರಿಯಲ್ಲಿ ನಿಲ್ಲಿಸುವುದು ಹೆಚ್ಚಾಗಿ ಚಿಕ್ಕ 12 ವೋಲ್ಟಿನ ಬ್ಯಾಟರಿ. ನಾನು ಒಮ್ಮೆ ಉಡುಪಿಯ ಇಂದ್ರಾಳಿ ರೈಲ್ವೆ ಸ್ಟೇಶನ್ನಿನಲ್ಲಿ ಕಾರು ಬಿಟ್ಟು ಮುಂಬೈಗೆ ಹೋಗಿದ್ದೆ. ಹನ್ನೆರಡು ದಿನ ಬಿಟ್ಟು ರಾತ್ರಿ ಬಂದು ನೋಡಿದರೆ ಬಾಗಿಲೇ ತೆರೆಯಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ 70 ಪರ್ಸೆಂಟ್ ಇತ್ತು, ಅದನ್ನು ಎಬ್ಬಿಸುವ ಚಿಕ್ಕದು ಸತ್ತಿತ್ತು. ಡ್ಯಾಶ್‌ಕ್ಯಾಮನ್ನು ಸದಾ ಕರೆಂಟ್ ಇರುವ ವಯರಿಗೆ ಕೊಟ್ಟದ್ದು ನನ್ನದೇ ತಪ್ಪು. ರಿಮೋಟಿನ ಒಳಗಿದ್ದ ಕಬ್ಬಿಣದ ಕೀ ತೆಗೆದು ಬಾಗಿಲು ತೆರೆದೆ. ಅಲ್ಲಿದ್ದ ಟ್ಯಾಕ್ಸಿ ಅಣ್ಣ ಜಂಪರ್ ವಯರು ಕೊಟ್ಟ ತಕ್ಷಣ ಕಾರು ಎದ್ದಿತು. ಇವಿಯನ್ನು ಎಬ್ಬಿಸಲು ಇಂಜಿನ್ ತಿರುಗಿಸುವಷ್ಟು ಕರೆಂಟ್ ಬೇಡ. 2024ರಲ್ಲಿ ಹ್ಯುಂಡೈ ಕಂಪನಿ ಇಂಡಿಯಾದಲ್ಲಿ 1,744 ಐಯಾನಿಕ್ 5 ಕಾರುಗಳನ್ನು ವಾಪಸ್ ಕರೆಸಿದ್ದೂ ಈ 12 ವೋಲ್ಟಿನ ಬ್ಯಾಟರಿಯನ್ನು ಚಾರ್ಜ್ ಮಾಡುವ ಭಾಗದ ತೊಂದರೆಗೇ. ಮೂರು ವರ್ಷಕ್ಕೊಮ್ಮೆ ಇದನ್ನು ಪರೀಕ್ಷೆ ಮಾಡಿಸಿ, ಚಿಕ್ಕ ಜಂಪ್ ಸ್ಟಾರ್ಟರ್ ಕಾರಿನಲ್ಲಿ ಇಡಿ.

ಇನ್ನೊಂದು ಇಲಿ. ಮಳೆ ಶುರುವಾದರೆ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿನೊಳಗೆ ಬರುತ್ತದೆ. ನನ್ನ ಕಾರಿನಲ್ಲಿ ಒಂದು ಸೆನ್ಸರಿನ ವಯರು ಕಡಿದು 11,000 ಬಿಲ್ ಆಯಿತು. ದೇವಸ್ಥಾನದ ಪ್ರಸಾದದ ಬಾಳೆಹಣ್ಣನ್ನು ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ಮಲಗಬೇಡಿ. ಕಿತ್ತಳೆ ಬಣ್ಣದ ವಯರು ಕಡಿದದ್ದು ಕಂಡರೆ ಕೈ ಹಾಕಬೇಡಿ, ಅದು ಹೈ ವೋಲ್ಟೇಜ್.

ಬ್ರೇಕ್ ಕಡಿಮೆ ಬಳಸುವುದರಿಂದ ನಮ್ಮ ಉಪ್ಪು ಗಾಳಿಗೆ ಡಿಸ್ಕ್ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ. ಟೊಯೋಟಾ ಮಾದರಿಯ ಹಲವು ಹೈಬ್ರಿಡ್ಡುಗಳಲ್ಲಿ ಬ್ಯಾಟರಿಗೆ ಗಾಳಿ ಎಳೆಯುವ ಕಿಂಡಿ ಹಿಂದಿನ ಸೀಟಿನ ಹತ್ತಿರ ಇರುತ್ತದೆ. ಅದರ ಮೇಲೆ ಚೀಲ, ಬೆಡ್‌ಶೀಟ್ ಇಡಬೇಡಿ.

11. ಸೆಕೆಂಡ್ ಹ್ಯಾಂಡ್ ಆದರೆ

ಹಳೇ ಇವಿಗಳು ಈಗ ಒಳ್ಳೆ ಬೆಲೆಗೆ ಸಿಗುತ್ತಿವೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಆರೋಗ್ಯದ ರಿಪೋರ್ಟ್ ತೆಗೆಸದೆ ಅಡ್ವಾನ್ಸ್ ಕೊಡಬೇಡಿ. ವಾರಂಟಿ ನಿಮ್ಮ ಹೆಸರಿಗೆ ಬರುತ್ತದಾ ಅಂತ ಲಿಖಿತವಾಗಿ ಕೇಳಿ. ಲಿಫ್ಟಿಗೆ ಹಾಕಿಸಿ ಹೊಟ್ಟೆ ಉಜ್ಜಿದೆಯಾ ನೋಡಿ, ಕಾರ್ಪೆಟ್ ಎತ್ತಿ ಕೆಸರಿನ ಗೆರೆ ಇದೆಯಾ ನೋಡಿ, ಮೂಸಿಯೂ ನೋಡಿ. ಬಾಕಿ ದುಡ್ಡು ಕೊಡುವ ಮೊದಲು ಒಂದು ರಾತ್ರಿ ಕಾರನ್ನು ನಿಮ್ಮ ಮನೆಗೆ ತಂದು, ನಿಮ್ಮದೇ ಸಾಕೆಟಿಗೆ ಚುಚ್ಚಿ. ಕೆಂಪು ದೀಪ ಬಂದರೆ ಮಾರುವವರಿಗೆ ಬಯ್ಯುವ ಮೊದಲು ಒಂದು ಕೊಡಪಾನ ನೀರು ಹಿಡಿದುಕೊಂಡು ಮನೆ ಹಿಂದೆ ಹೋಗಿ ಬನ್ನಿ.